ಏಳು ವಾರ ಬಾಯಿ ಬಿಡದ ಮೆಕ್ಯಾನಿಕಲ್ ಇಂಜಿನಿಯರ್

ಮೆಕ್ಯಾನಿಕಲ್ ಬ್ರಾಂಚಿನವರಿಗೆ ಒಂದು ಖುಷಿಯ ಸುದ್ದಿ. ಸುದ್ದಿ ಹಳೆಯದೇ, ಆದ್ರೆ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ತಗೊಂಡವರು ಕಾಲೇಜಿನಲ್ಲಿ ಓದಿದ್ದು ಫಿಸಿಕ್ಸ್ ಅಲ್ಲ, ಮೆಕ್ಯಾನಿಕಲ್ ಇಂಜಿನಿಯರಿಂಗ್. ಅವರ ಹೆಸರು ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜೆನ್. ಎಕ್ಸ್-ರೇ ಕಂಡುಹಿಡಿದವರು.

ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ಸಿಗೋದು ಹೆಚ್ಚಂದ್ರೆ ಒಂದೆರಡು ಸಾಲು. 1895, ರಾಂಟ್ಜೆನ್, ಎಕ್ಸ್-ರೇ. ಎಂಸಿಕ್ಯೂಗೆ ಅಷ್ಟು ಸಾಕು. ಆದ್ರೆ ಅವರ ಬದುಕನ್ನು ಪೂರ್ತಿ ಓದಿದ್ರೆ ಎರಡು ವಿಷಯ ಮನಸ್ಸಲ್ಲಿ ಉಳಿಯುತ್ತೆ. ಒಂದು, ಜಗತ್ತೇ ಬೆಚ್ಚಿಬೀಳುವಂಥದ್ದನ್ನು ಕಂಡ ಮೇಲೂ ಏಳು ವಾರ ಅವರು ಅದನ್ನು ಹೊರಗೆ ಹೇಳಲಿಲ್ಲ. ಇನ್ನೊಂದು, ಮನುಷ್ಯನ ದೇಹದ ಒಳಗನ್ನು ಮೊದಲು ತೋರಿಸಿದ ಅವರೇ ಕೊನೆಗೆ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಇವತ್ತು ಅದೇ ಕರುಳಿನ ಕೊನೆಯ ಭಾಗದ ಕ್ಯಾನ್ಸರ್ ವಿಷಯದಲ್ಲಿ, ಸ್ಕ್ಯಾನ್ ಚಿತ್ರ ನೋಡಿ ಚಿಕಿತ್ಸೆ ಫಲಿಸುತ್ತಾ ಇಲ್ವಾ ಅಂತ ಮೊದಲೇ ಹೇಳೋಕೆ ಇಂಜಿನಿಯರುಗಳು ಒದ್ದಾಡ್ತಿದ್ದಾರೆ. ಆ ಕೆಲಸಕ್ಕೂ ಈ ಏಳು ವಾರಕ್ಕೂ ಹತ್ತಿರದ ಸಂಬಂಧ ಇದೆ ಅಂತ ನನಗೆ ಅನ್ಸುತ್ತೆ. ಹಾಗಾಗಿ ಈ ಸಂಚಿಕೆಗೆ ಅವರ ಕಥೆ.

ಸರ್ಟಿಫಿಕೇಟ್ ಇಲ್ಲದ ಹುಡುಗ

ರಾಂಟ್ಜೆನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ಲೆನ್ನೆಪ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಬಟ್ಟೆ ತಯಾರಿಸಿ ಮಾರುವವರು. ಅಮ್ಮ ಡಚ್ ನೆಲದ ಕುಟುಂಬದವರು. ಒಬ್ಬನೇ ಮಗ. ಮಗನಿಗೆ ಮೂರು ವರ್ಷ ಆದಾಗ ಮನೆಯವರೆಲ್ಲ ನೆದರ್‌ಲ್ಯಾಂಡ್ಸ್‌ನ ಅಪೆಲ್‌ಡೋರ್ನ್‌ಗೆ ಹೋಗಿ ನೆಲೆಸಿದರು. ಚಿಕ್ಕಂದಿನಲ್ಲಿ ಹುಡುಗ ಓದಿನಲ್ಲಿ ಅಂಥಾ ಹೆಸರು ಮಾಡಿದವನೇನಲ್ಲ. ಕಾಡು ಮೇಡು ಸುತ್ತೋದು, ಕೈಯಲ್ಲಿ ಏನಾದ್ರೂ ಯಂತ್ರ ಮಾಡೋದು ಅಂದ್ರೆ ಇಷ್ಟ. ಈ ಎರಡು ಹುಚ್ಚು ಕೊನೇವರೆಗೂ ಬಿಡಲಿಲ್ಲ. ಮುಂದೆ ಪ್ರೊಫೆಸರ್ ಆದ ಮೇಲೂ ಪ್ರಯೋಗದ ಸಲಕರಣೆಗಳನ್ನು ಆದಷ್ಟು ತಾವೇ ಕೂತು ಮಾಡ್ಕೊಳ್ತಿದ್ದರು.

1862ರಲ್ಲಿ ಉಟ್ರೆಕ್ಟ್ ಊರಿನ ಟೆಕ್ನಿಕಲ್ ಶಾಲೆಗೆ ಸೇರಿದರು. ಅಲ್ಲಿ ಯಾರೋ ಸಹಪಾಠಿ ಒಬ್ಬ ಮೇಷ್ಟ್ರ ವ್ಯಂಗ್ಯಚಿತ್ರ ಬರೆದ. ಸಿಕ್ಕಿಬಿದ್ದದ್ದು ರಾಂಟ್ಜೆನ್. ಬರೆದವನ ಹೆಸರು ಹೇಳು ಅಂದ್ರೆ ಹೇಳಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. ನಮ್ಮ ಕಾಲೇಜಿನಲ್ಲಿ ಇಂಥದ್ದಾದ್ರೆ ಡಿಸಿಪ್ಲಿನರಿ ಕಮಿಟಿ, ಅಪಾಲಜಿ ಲೆಟರ್, ಅಪ್ಪ ಅಮ್ಮನ್ನ ಕರ್ಕೊಂಡು ಬಾ ಅನ್ನೋದರಲ್ಲಿ ಮುಗಿದುಹೋಗುತ್ತೆ. ಅವರಿಗೆ ಹಾಗಾಗಲಿಲ್ಲ. ಶಾಲೆ ಮುಗಿಸಿದ ಸರ್ಟಿಫಿಕೇಟ್ ಇಲ್ಲದೆ ಯೂನಿವರ್ಸಿಟಿಗೆ ರೆಗ್ಯುಲರ್ ವಿದ್ಯಾರ್ಥಿಯಾಗಿ ಸೇರೋ ಹಾಗಿರಲಿಲ್ಲ. ಉಟ್ರೆಕ್ಟ್ ಯೂನಿವರ್ಸಿಟಿಯಲ್ಲಿ ಸುಮ್ಮನೆ ಪಾಠ ಕೇಳುವವರಾಗಿ ಸ್ವಲ್ಪ ದಿನ ಕೂತರು.

ಆಗ ಗೊತ್ತಾಯ್ತು, ಸ್ವಿಟ್ಜರ್‌ಲ್ಯಾಂಡಿನ ಜೂರಿಕ್ ಪಾಲಿಟೆಕ್ನಿಕ್‌ನಲ್ಲಿ ಪ್ರವೇಶ ಪರೀಕ್ಷೆ ಪಾಸಾದ್ರೆ ಸೀಟು ಸಿಗುತ್ತೆ ಅಂತ. 1865ರಲ್ಲಿ ಅಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿದರು. 1868ಕ್ಕೆ ಡಿಪ್ಲೊಮಾ ಕೈಗೆ ಬಂತು. ಥರ್ಮೋಡೈನಮಿಕ್ಸ್ ಓದಿದವರೆಲ್ಲ ಕೇಳಿರುವ ಕ್ಲಾಸಿಯಸ್ ಅಲ್ಲಿ ಪಾಠ ಮಾಡ್ತಿದ್ದರು, ಅವರ ಕ್ಲಾಸಿನಲ್ಲೂ ರಾಂಟ್ಜೆನ್ ಕೂತಿದ್ದರು. ಆಮೇಲೆ ಆಗಸ್ಟ್ ಕುಂಟ್ ಎಂಬ ಭೌತವಿಜ್ಞಾನಿಯ ಲ್ಯಾಬ್ ಸೇರಿ, 1869ರಲ್ಲಿ ಅನಿಲಗಳ ಮೇಲೆ ಸಂಶೋಧನೆ ಮಾಡಿ ಪಿಎಚ್‌ಡಿ ಪಡೆದರು. ಇಂಜಿನಿಯರ್ ಫಿಸಿಕ್ಸ್ ಕಡೆ ಹೊರಳಿದ್ದು ಹೀಗೆ.

ಜೂರಿಕ್‌ನಲ್ಲೇ ಅನ್ನಾ ಬರ್ತಾ ಲುಡ್ವಿಗ್ ಪರಿಚಯ. ಅವರ ತಂದೆ ಅಲ್ಲಿ ಹೋಟೆಲ್ ನಡೆಸ್ತಿದ್ದರು. 1872ರಲ್ಲಿ ಇಬ್ಬರೂ ಮದುವೆಯಾದರು. ಮಕ್ಕಳಾಗಲಿಲ್ಲ. ಮುಂದೆ ಬರ್ತಾ ಅವರ ಸಹೋದರನ ಆರು ವರ್ಷದ ಮಗಳನ್ನು ತಮ್ಮ ಮಗಳಾಗಿ ಸಾಕಿಕೊಂಡರು.

ಗುರು ಕುಂಟ್ ಜೊತೆ ರಾಂಟ್ಜೆನ್ ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ಯೂನಿವರ್ಸಿಟಿಗೆ ಬಂದರು. ಅಲ್ಲಿ ಪಾಠ ಮಾಡುವ ಅರ್ಹತೆ ಕೇಳಿದಾಗ ಹಳೆಯ ಶಾಲೆಯ ಸರ್ಟಿಫಿಕೇಟ್ ಇಲ್ಲ ಅನ್ನೋ ಕಾರಣಕ್ಕೆ ಕೊಡಲಿಲ್ಲ. ಪಿಎಚ್‌ಡಿ ಇದೆ, ಹೈಸ್ಕೂಲ್ ಸರ್ಟಿಫಿಕೇಟ್ ಇಲ್ಲ! ಅಲ್ಲಿಂದ ಸ್ಟ್ರಾಸ್‌ಬರ್ಗ್, ಹೋಹೆನ್‌ಹೈಮ್, ಮತ್ತೆ ಸ್ಟ್ರಾಸ್‌ಬರ್ಗ್, ಆಮೇಲೆ ಗೀಸೆನ್ ಅಂತ ಊರೂರು ಸುತ್ತಿದರು. 1888ರಲ್ಲಿ ಅದೇ ವ್ಯೂರ್ಟ್ಸ್‌ಬರ್ಗ್ ಅವರನ್ನು ಕರೆದು ಫಿಸಿಕ್ಸ್ ಪ್ರೊಫೆಸರ್ ಮಾಡಿತು. 1894ರಲ್ಲಿ ಆ ಯೂನಿವರ್ಸಿಟಿಯ ಮುಖ್ಯಸ್ಥರೂ ಆದರು.

ಈ ಇಪ್ಪತ್ತು ಚಿಲ್ಲರೆ ವರ್ಷ ಅವರು ಮಾಡಿದ್ದೆಲ್ಲ ಬಹಳ ನಾಜೂಕಾದ ಅಳತೆಯ ಕೆಲಸ. ಅನಿಲಗಳ ವಿಶಿಷ್ಟ ಉಷ್ಣ, ಹರಳುಗಳಲ್ಲಿ ಶಾಖ ಹರಿಯುವ ರೀತಿ, ದ್ರವಗಳನ್ನು ಒತ್ತಿದಾಗ ಎಷ್ಟು ಕುಗ್ಗುತ್ತವೆ, ಇಂಥವು. ಪೇಪರಿನಲ್ಲಿ ಹೆಡ್‌ಲೈನ್ ಆಗುವಂಥದ್ದು ಒಂದೂ ಇಲ್ಲ. ಆದ್ರೆ ಅಳತೆಯಲ್ಲಿ ಎಲ್ಲಿ ತಪ್ಪು ನುಸುಳುತ್ತೆ ಅನ್ನೋದು ಅವರಿಗೆ ಕೈವಶ ಆಗಿತ್ತು.

ಐವತ್ತು ದಿನ

1895ರ ನವೆಂಬರ್ 8, ಶುಕ್ರವಾರ ಸಂಜೆ. ಆಗ ಅವರಿಗೆ 50 ವರ್ಷ. ಗಾಳಿ ತೆಗೆದ ಗಾಜಿನ ಟ್ಯೂಬಿನೊಳಗೆ ಹೆಚ್ಚಿನ ವೋಲ್ಟೇಜಿನ ವಿದ್ಯುತ್ ಹರಿಸಿ ಕ್ಯಾಥೋಡ್ ಕಿರಣಗಳನ್ನು ನೋಡುವ ಪ್ರಯೋಗ ನಡೀತಿತ್ತು. ಯೂರೋಪಿನ ಎಷ್ಟೋ ಲ್ಯಾಬುಗಳಲ್ಲಿ ಇದೇ ಪ್ರಯೋಗ ನಡೀತಿದ್ದ ಕಾಲ ಅದು. ಟ್ಯೂಬಿನ ಬೆಳಕು ಹೊರಗೆ ಬರಬಾರದು ಅಂತ ಕಪ್ಪು ರಟ್ಟು ಸುತ್ತಿದ್ದರು. ರೂಮು ಪೂರ್ತಿ ಕತ್ತಲೆ. ಟ್ಯೂಬಿಗೆ ವಿದ್ಯುತ್ ಕೊಟ್ಟ ಕೂಡಲೇ, ಸ್ವಲ್ಪ ದೂರದಲ್ಲಿ ಇಟ್ಟಿದ್ದ ಒಂದು ಪರದೆ ಮಿನುಗಿತು. ಬೇರಿಯಂ ಪ್ಲಾಟಿನೋಸಯನೈಡ್ ಬಳಿದ ಪರದೆ ಅದು. ಕ್ಯಾಥೋಡ್ ಕಿರಣ ಗಾಳಿಯಲ್ಲಿ ಕೆಲವು ಸೆಂಟಿಮೀಟರ್ ಮಾತ್ರ ಹೋಗುತ್ತೆ. ಈ ಪರದೆಯೋ ಎರಡು ಮೀಟರ್ ದೂರ ಇಟ್ಟರೂ ಮಿನುಗುತ್ತಿತ್ತು. ಅಂದ್ರೆ ಟ್ಯೂಬಿನಿಂದ ಬೇರೆ ಏನೋ ಬರ್ತಿದೆ, ರಟ್ಟನ್ನೂ ದಾಟಿ ಬರ್ತಿದೆ.

ನಮ್ಮಲ್ಲಿ ಯಾರಿಗಾದ್ರೂ ಇದು ಕಂಡಿದ್ರೆ ಅರ್ಧ ಗಂಟೆಯಲ್ಲಿ ವಾಟ್ಸಾಪ್ ಸ್ಟೇಟಸ್ ಆಗಿರ್ತಿತ್ತು. ಅವರು ಯಾರಿಗೂ ಹೇಳಲಿಲ್ಲ. ಮನೆಗೆ ಹೋಗೋದೂ ಕಮ್ಮಿ ಮಾಡಿದರು. ಊಟ, ನಿದ್ದೆ ಲ್ಯಾಬಿನಲ್ಲೇ. ಅವರ ಮೊದಲ ಪ್ರಶ್ನೆ ಇದು ಏನು ಅನ್ನೋದಲ್ಲ, ಇದು ನಿಜವಾ ಅನ್ನೋದು. ಕಣ್ಣು ಮೋಸ ಮಾಡಬಹುದು ಅಂತ ಫೋಟೋ ಪ್ಲೇಟ್ ಇಟ್ಟು ನೋಡಿದರು. ಪ್ಲೇಟಿನ ಮೇಲೂ ಗುರುತು ಬಿತ್ತು. ಆಮೇಲೆ ನಡುವೆ ಒಂದೊಂದೇ ವಸ್ತು ಇಟ್ಟು ಪರೀಕ್ಷೆ. ಸಾವಿರ ಪುಟದ ಪುಸ್ತಕ ಇಟ್ಟರೂ ಕಿರಣ ದಾಟಿತು. ಇಸ್ಪೀಟು ಎಲೆಯ ಕಟ್ಟು ದಾಟಿತು. ಮರದ ಹಲಗೆ ದಾಟಿತು. ಒಂದೂವರೆ ಮಿಲಿಮೀಟರ್ ದಪ್ಪದ ಸೀಸ ಇಟ್ಟಾಗ ಹೆಚ್ಚುಕಮ್ಮಿ ಪೂರ್ತಿ ನಿಂತುಹೋಯಿತು. ಪ್ಲಾಟಿನಂ, ಸೀಸ, ಸತು, ಅಲ್ಯೂಮಿನಿಯಂ ಹೀಗೆ ಲೋಹಗಳನ್ನು ಹೋಲಿಸಿದರು. ವಸ್ತುವಿನ ಸಾಂದ್ರತೆ ಮುಖ್ಯ, ಆದ್ರೆ ಸಾಂದ್ರತೆ ಒಂದೇ ಕಾರಣ ಅಲ್ಲ ಅಂತ ತಿಳೀತು. ಪ್ರಿಸಂ ಇಟ್ಟರೆ ಬಾಗಲಿಲ್ಲ. ಅಯಸ್ಕಾಂತ ಇಟ್ಟರೂ ಬಾಗಲಿಲ್ಲ, ಹಾಗಾಗಿ ಇದು ಕ್ಯಾಥೋಡ್ ಕಿರಣ ಅಲ್ಲ ಅಂತ ಗಟ್ಟಿಯಾಯ್ತು. ದೂರ ಹೆಚ್ಚಿದ ಹಾಗೆ ತೀವ್ರತೆ ದೂರದ ವರ್ಗಕ್ಕೆ ತಕ್ಕಂತೆ ಕಮ್ಮಿ ಆಗುತ್ತೆ ಅನ್ನೋದನ್ನೂ ಅಳೆದರು.

ಡಿಸೆಂಬರ್ 22ರಂದು ಹೆಂಡತಿಯನ್ನು ಲ್ಯಾಬಿಗೆ ಕರೆದು, ಪ್ಲೇಟಿನ ಮೇಲೆ ಕೈ ಇಡಿಸಿ, ಸುಮಾರು 15 ನಿಮಿಷ ಕಿರಣ ಬಿಟ್ಟರು. ಮೂಳೆಗಳು, ಬೆರಳಲ್ಲಿದ್ದ ಉಂಗುರ ಕಪ್ಪಗೆ ಮೂಡಿದವು, ಮಾಂಸ ಮಸುಕಾದ ನೆರಳು. ತನ್ನದೇ ಮೂಳೆ ನೋಡಿ ಬರ್ತಾ ಖುಷಿಪಡಲಿಲ್ಲ, ಹೆದರಿದರು ಅಂತ ಹೇಳ್ತಾರೆ. ಬದುಕಿರೋವಾಗಲೇ ತನ್ನ ಅಸ್ಥಿಯನ್ನು ನೋಡೋದು ಅಂದ್ರೆ ಯಾರಿಗಾದ್ರೂ ಎದೆ ಝಲ್ಲೆನ್ನುತ್ತೆ ಅಲ್ವಾ?

ಡಿಸೆಂಬರ್ 28ಕ್ಕೆ ಲೇಖನವನ್ನು ವ್ಯೂರ್ಟ್ಸ್‌ಬರ್ಗ್‌ನ ಭೌತ-ವೈದ್ಯಕೀಯ ಸಂಘಕ್ಕೆ ಕೊಟ್ಟರು. ಮೊದಲು ಕಂಡ ದಿನದಿಂದ ಲೆಕ್ಕ ಹಾಕಿದ್ರೆ ಸರಿಯಾಗಿ 50 ದಿನ. ಏನಂತ ಗೊತ್ತಿಲ್ಲದ ಕಿರಣ, ಆದ್ದರಿಂದ ಎಕ್ಸ್ ಅಂತ ಹೆಸರು. ನಮ್ಮ ಕನ್ನಡ ಪಠ್ಯಪುಸ್ತಕಗಳು ಇದನ್ನು ಕ್ಷ-ಕಿರಣ ಅಂದವು. ಬೀಜಗಣಿತದಲ್ಲಿ ಗೊತ್ತಿಲ್ಲದ್ದಕ್ಕೆ ಕ್ಷ ಅಂತ ಇಟ್ಟುಕೊಳ್ಳೋ ಹಾಗೆಯೇ. ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಿಂದ ಬಂದವರಿಗೆ ಈ ಹೆಸರು ಹೊಸದು ಅನ್ನಿಸಬಹುದು, ಆದ್ರೆ ಎಷ್ಟು ಚೆನ್ನಾಗಿದೆ ನೋಡಿ.

ಜನವರಿ 1ಕ್ಕೆ ಲೇಖನದ ಪ್ರತಿ ಮತ್ತು ಫೋಟೋಗಳನ್ನು ಬೇರೆ ಬೇರೆ ಊರಿನ ವಿಜ್ಞಾನಿಗಳಿಗೆ ಪೋಸ್ಟ್ ಮಾಡಿದರು. ಅದೇ ವಾರ ವಿಯೆನ್ನಾದ ಪತ್ರಿಕೆಯಲ್ಲಿ ಸುದ್ದಿ ಬಂತು, ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ಟ್ಯೂಬು, ಕಾಯಿಲ್ಲು, ಪರದೆ ಎಲ್ಲ ಲ್ಯಾಬಿನಲ್ಲೂ ಇದ್ದವು. ಹಾಗಾಗಿ ಕೆಲವೇ ವಾರಗಳಲ್ಲಿ ಎಷ್ಟೋ ಜನ ಅದೇ ಪ್ರಯೋಗ ಮಾಡಿ ಹೌದು ಅಂದರು. ಜನವರಿ 13ಕ್ಕೆ ಬರ್ಲಿನ್‌ನಲ್ಲಿ ಚಕ್ರವರ್ತಿಯ ಮುಂದೆ ಪ್ರದರ್ಶನ. 23ಕ್ಕೆ ವ್ಯೂರ್ಟ್ಸ್‌ಬರ್ಗ್‌ನಲ್ಲಿ ಉಪನ್ಯಾಸ. ಅಲ್ಲಿ ಹಿರಿಯ ಅಂಗರಚನಾ ವಿಜ್ಞಾನಿ ಕೋಲಿಕರ್ ಅವರ ಕೈಯ ಎಕ್ಸ್-ರೇ ತೆಗೆದರು. ಕೋಲಿಕರ್ ಇದಕ್ಕೆ ರಾಂಟ್ಜೆನ್ ಕಿರಣ ಅಂತ ಹೆಸರಿಡೋಣ ಅಂದರು. ಜರ್ಮನಿಯಲ್ಲಿ ಇವತ್ತಿಗೂ ಅದೇ ಹೆಸರು.

ದುಡ್ಡು ಬೇಡ ಅಂದವರು

1901ರಲ್ಲಿ ನೊಬೆಲ್ ಬಂತು. ಸ್ಟಾಕ್‌ಹೋಮ್‌ಗೆ ಹೋಗಿ ಬಹುಮಾನ ತಗೊಂಡರು, ನೊಬೆಲ್ ಉಪನ್ಯಾಸ ಮಾತ್ರ ಕೊಡಲಿಲ್ಲ. ಬಹುಮಾನದ ಹಣವನ್ನು ವ್ಯೂರ್ಟ್ಸ್‌ಬರ್ಗ್ ಯೂನಿವರ್ಸಿಟಿಗೆ ಬಿಟ್ಟುಕೊಟ್ಟರು. ಹೆಸರಿನ ಹಿಂದೆ ಶ್ರೀಮಂತಿಕೆಯ ಫಾನ್ ಅಂತ ಸೇರಿಸಿಕೊಳ್ಳುವ ಅವಕಾಶ ಬಂದಾಗ ಬೇಡ ಅಂದರು. ಎಲ್ಲಕ್ಕಿಂತ ಮುಖ್ಯವಾದದ್ದು, ಎಕ್ಸ್-ರೇಗೆ ಪೇಟೆಂಟ್ ತಗೊಳ್ಳಲಿಲ್ಲ. ತಗೊಂಡಿದ್ರೆ ಎಷ್ಟು ಕೋಟಿ ಆಗ್ತಿತ್ತೋ. ಇದು ಎಲ್ಲರಿಗೂ ಸೇರಬೇಕಾದ್ದು ಅನ್ನೋದು ಅವರ ನಿಲುವು.

ಆದ್ರೆ ಆತುರದ ಬೆಲೆ ಏನು ಅಂತ ಬೇರೆಯವರಿಗೆ ಬೇಗ ಗೊತ್ತಾಯ್ತು. 1896 ಒಂದೇ ವರ್ಷದಲ್ಲಿ ಎಕ್ಸ್-ರೇ ಮೇಲೆ ಸಾವಿರದಷ್ಟು ಲೇಖನಗಳು ಬಂದವು. ಜಾತ್ರೆಯಲ್ಲಿ ಫೋಟೋ ತೆಗೆಯೋ ಹಾಗೆ ಕಂಡಕಂಡವರೆಲ್ಲ ಕೈ ಮೂಳೆಯ ಚಿತ್ರ ತೆಗೆಸ್ಕೊಂಡರು. ಈ ಕಿರಣ ಚರ್ಮ ಸುಡುತ್ತೆ, ಜೀವಕೋಶ ಕೊಲ್ಲುತ್ತೆ ಅಂತ ಯಾರಿಗೂ ಅಂದಾಜಿರಲಿಲ್ಲ. ಅಮೆರಿಕದಲ್ಲಿ ಎಡಿಸನ್ ಹತ್ತಿರ ಎಕ್ಸ್-ರೇ ಕೆಲಸ ಮಾಡ್ತಿದ್ದ ಕ್ಲಾರೆನ್ಸ್ ಡ್ಯಾಲಿ ತಮ್ಮದೇ ಕೈಯನ್ನು ಮತ್ತೆ ಮತ್ತೆ ಕಿರಣಕ್ಕೆ ಒಡ್ಡಿ ಕ್ಯಾನ್ಸರ್ ಬರಿಸಿಕೊಂಡರು. ಕೈ ಕತ್ತರಿಸಿದರೂ ಉಳಿಯಲಿಲ್ಲ, 1904ರಲ್ಲಿ ತೀರಿಕೊಂಡರು. ಎಡಿಸನ್ ಆ ಕೆಲಸವನ್ನೇ ಕೈಬಿಟ್ಟರು. ರಾಂಟ್ಜೆನ್ ಮಾತ್ರ ಪ್ರಯೋಗದ ವೇಳೆ ಸತುವಿನ ತಗಡಿನ ದೊಡ್ಡ ಪೆಟ್ಟಿಗೆಯೊಳಗೆ ನಿಂತು, ಮುಂದೆ ಸೀಸದ ಹಲಗೆ ಇಟ್ಟು ಕೆಲಸ ಮಾಡ್ತಿದ್ದರು. ಅದು ಅವರನ್ನು ಕಾಪಾಡಿತು.

ಜೀವಕೋಶ ಕೊಲ್ಲುತ್ತೆ ಅನ್ನೋ ಅದೇ ಗುಣವನ್ನು ವೈದ್ಯರು ಕ್ಯಾನ್ಸರ್ ಮೇಲೆ ತಿರುಗಿಸಿದರು. ರೇಡಿಯೋಥೆರಪಿ ಹುಟ್ಟಿದ್ದು ಹೀಗೆ. ಒಂದೇ ಕಿರಣ ಕ್ಯಾಮೆರಾನೂ ಆಯ್ತು, ಔಷಧಿನೂ ಆಯ್ತು.

1900ರಲ್ಲಿ ರಾಂಟ್ಜೆನ್ ಮ್ಯೂನಿಕ್‌ಗೆ ಹೋಗಿದ್ದರು, ನಿವೃತ್ತಿಯವರೆಗೂ ಅಲ್ಲೇ ಇದ್ದರು. ಮೊದಲ ಮಹಾಯುದ್ಧದ ನಂತರದ ದಿನಗಳು ಕಷ್ಟದವು. 1919ರಲ್ಲಿ ದೀರ್ಘ ಕಾಯಿಲೆಯ ನಂತರ ಬರ್ತಾ ಹೋದರು. ಜರ್ಮನಿಯ ಹಣದುಬ್ಬರ ಉಳಿತಾಯವನ್ನೆಲ್ಲ ತಿಂದುಹಾಕಿತು. 1923ರ ಫೆಬ್ರವರಿ 10ರಂದು, 77ನೇ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರಿನಿಂದ ರಾಂಟ್ಜೆನ್ ತೀರಿಕೊಂಡರು. ಕಿರಣದ ಕೆಲಸದಿಂದ ಬಂದ ಕ್ಯಾನ್ಸರ್ ಇದಲ್ಲ ಅನ್ನೋದೇ ಸಾಮಾನ್ಯ ಅಭಿಪ್ರಾಯ. ಅವರ ಇಚ್ಛೆಯಂತೆ ವೈಯಕ್ತಿಕ ಪತ್ರಗಳು, ಸಂಶೋಧನೆಯ ಕಾಗದಗಳನ್ನು ಸುಟ್ಟುಹಾಕಿದರು. ಸಮಾಧಿ ಇರೋದು ಗೀಸೆನ್ ಊರಿನಲ್ಲಿ.

ಅವರ ಕಿರಣಕ್ಕೆ ಕಾಣದ ಜಾಗ

ಎಕ್ಸ್-ರೇ ಮೂಳೆಯನ್ನು ಚೆನ್ನಾಗಿ ತೋರಿಸೋದು ಮೂಳೆಯಲ್ಲಿ ಕ್ಯಾಲ್ಸಿಯಂ ಇರೋದರಿಂದ. ಕರುಳಿನ ಗೋಡೆ, ಸುತ್ತಲಿನ ಸ್ನಾಯು, ಅಲ್ಲಿ ಬೆಳೆದ ಗಡ್ಡೆ ಇವೆಲ್ಲ ಸಾದಾ ಎಕ್ಸ್-ರೇಯಲ್ಲಿ ಹೆಚ್ಚುಕಮ್ಮಿ ಒಂದೇ ಬೂದು ಬಣ್ಣ. ಅಂದ್ರೆ ರಾಂಟ್ಜೆನ್ ಅವರನ್ನು ಕೊಂದ ಕಾಯಿಲೆಯನ್ನು ಅವರದೇ ಕಿರಣ ಸರಿಯಾಗಿ ತೋರಿಸ್ತಿರಲಿಲ್ಲ.

ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗವನ್ನು ಗುದನಾಳ ಅಂತಾರೆ. ಅಲ್ಲಿ ಕ್ಯಾನ್ಸರ್ ಆದ್ರೆ ಆ ಕಾಲದ ಮುಖ್ಯ ದಾರಿ 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ವಿವರಿಸಿದ ಆಪರೇಷನ್. ಗುದನಾಳವನ್ನೂ ಗುದದ್ವಾರವನ್ನೂ ಪೂರ್ತಿ ತೆಗೆದು, ಹೊಟ್ಟೆಯ ಮೇಲೆ ಒಂದು ರಂಧ್ರ ಮಾಡಿ ಮಲ ಅಲ್ಲಿಂದ ಹೋಗುವಂತೆ ಮಾಡೋದು. ಜೀವ ಉಳಿದ್ರೂ ಉಳಿದ ಬದುಕೆಲ್ಲ ಹಾಗೇ.

ಈಗ ಪರಿಸ್ಥಿತಿ ಎಷ್ಟೋ ಬೇರೆ. ಸಿಟಿ ಸ್ಕ್ಯಾನ್ ಬಂತು. ಬೇರೆ ಬೇರೆ ಕೋನದಿಂದ ಎಕ್ಸ್-ರೇ ಬಿಟ್ಟು ಒಳಗಿನ ಅಡ್ಡಸೀಳಿನ ಚಿತ್ರ ಲೆಕ್ಕ ಹಾಕೋದು. ಅದಕ್ಕೆ ಬೇಕಾದ ಗಣಿತವನ್ನು ಯೋಹಾನ್ ರಾಡಾನ್ 1917ರಲ್ಲೇ, ಅಂದ್ರೆ ರಾಂಟ್ಜೆನ್ ಬದುಕಿದ್ದಾಗಲೇ ಬರೆದಿದ್ದರು. ಮೊದಲ ರೋಗಿಯ ಸ್ಕ್ಯಾನ್ ಆಗಿದ್ದು 1971ರಲ್ಲಿ. ಅದನ್ನು ಮಾಡಿದ ಹೌನ್ಸ್‌ಫೀಲ್ಡ್ ಕೂಡ ಇಂಜಿನಿಯರ್. ಸಿಟಿಯಲ್ಲಿ ಪ್ರತಿ ಪಿಕ್ಸೆಲ್ ಒಂದು ಅಳತೆ. ನೀರು ಸೊನ್ನೆ, ಗಾಳಿ ಮೈನಸ್ 1000. ಇಲ್ಲಿಂದ ಚಿತ್ರ ಅನ್ನೋದು ಬರೀ ಚಿತ್ರ ಆಗಿ ಉಳಿಯಲಿಲ್ಲ, ಸಂಖ್ಯೆಗಳ ಕೋಷ್ಟಕ ಆಯ್ತು. ಆಮೇಲೆ ಎಂಆರ್‌ಐ ಬಂತು. ಅದಕ್ಕೆ ಎಕ್ಸ್-ರೇ ಬೇಡ, ಅಯಸ್ಕಾಂತ ಮತ್ತು ರೇಡಿಯೋ ತರಂಗ ಸಾಕು. ಗುದನಾಳದ ಗೋಡೆಯ ಪದರ, ಸುತ್ತಲಿನ ಕೊಬ್ಬು, ಗಡ್ಡೆ ಎಷ್ಟು ಆಳಕ್ಕೆ ಹೋಗಿದೆ ಎಲ್ಲ ಅದರಲ್ಲಿ ಬೇರೆ ಬೇರೆಯಾಗಿ ಕಾಣುತ್ತೆ.

ಚಿಕಿತ್ಸೆಯೂ ಬದಲಾಯ್ತು. ಸ್ವಲ್ಪ ಮುಂದುವರಿದ ಗಡ್ಡೆಯಾದ್ರೆ ಮೊದಲು ರೇಡಿಯೇಷನ್ ಮತ್ತು ಕೀಮೋ, ಆಮೇಲೆ ಆಪರೇಷನ್. 2004ರಲ್ಲಿ ಪ್ರಕಟವಾದ ಜರ್ಮನಿಯದೇ ಒಂದು ದೊಡ್ಡ ಅಧ್ಯಯನ ಇದನ್ನು ಗಟ್ಟಿಮಾಡಿತು. ಮೊದಲೇ ರೇಡಿಯೇಷನ್ ಕೊಟ್ಟವರಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಶೇಕಡಾ 6, ಆಪರೇಷನ್ ನಂತರ ಕೊಟ್ಟವರಲ್ಲಿ ಶೇಕಡಾ 13. ಮೊದಲೇ ಕೊಟ್ಟ ಡೋಸ್ 50.4 ಗ್ರೇ, ದಿನಕ್ಕೆ 1.8ರಂತೆ 28 ಸಲ. ಕೊಡೋದು ರಾಂಟ್ಜೆನ್ ಅವರದೇ ಕಿರಣ, ಶಕ್ತಿ ಮಾತ್ರ ಎಷ್ಟೋ ಪಟ್ಟು ಜಾಸ್ತಿ.

ಚಿಕಿತ್ಸೆ ಫಲಿಸುತ್ತಾ?

ಇಲ್ಲೇ ನಮ್ಮ ಪ್ರಶ್ನೆ ಬರೋದು. ಒಂದೇ ಡೋಸ್ ಕೊಟ್ಟರೂ ಎಲ್ಲರ ಗಡ್ಡೆ ಒಂದೇ ಥರ ಕರಗಲ್ಲ. ಸಾಮಾನ್ಯವಾಗಿ 100ರಲ್ಲಿ 15ರಿಂದ 20 ಜನರಿಗೆ, ಆಪರೇಷನ್ ಮಾಡಿ ತೆಗೆದ ಭಾಗವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಕ್ಯಾನ್ಸರ್ ಕೋಶ ಒಂದೂ ಇರಲ್ಲ. ಕೆಲವರಿಗೆ ಅರ್ಧಂಬರ್ಧ ಕರಗಿರುತ್ತೆ. ಕೆಲವರಿಗೆ ಹೆಚ್ಚೇನೂ ಆಗಿರಲ್ಲ, ಸುಟ್ಟ ನೋವು, ಸುಸ್ತು ಮಾತ್ರ ಮಿಕ್ಕಿರುತ್ತೆ. ಪೂರ್ತಿ ಕರಗಿದವರಿಗೆ ಆಪರೇಷನ್ ಬೇಕಿತ್ತಾ?

ಬ್ರೆಜಿಲ್‌ನ ಸಾವೊ ಪಾಲೊದ ಶಸ್ತ್ರವೈದ್ಯೆ ಏಂಜೆಲಿಟಾ ಹಬರ್-ಗಾಮಾ ಈ ಪ್ರಶ್ನೆಯನ್ನು ಧೈರ್ಯವಾಗಿ ಕೇಳಿದರು. 2004ರ ಅವರ ವರದಿಯಲ್ಲಿ 265 ರೋಗಿಗಳ ಪೈಕಿ 71 ಜನಕ್ಕೆ ಪರೀಕ್ಷೆಯಲ್ಲಿ ಗಡ್ಡೆ ಕಾಣಲಿಲ್ಲ. ಅವರಿಗೆ ಆಪರೇಷನ್ ಮಾಡದೆ, ಆಗಾಗ ಪರೀಕ್ಷೆ ಮಾಡ್ತಾ ಕಾದರು. ತುಂಬಾ ಜನ ಗುದನಾಳ ಉಳಿಸಿಕೊಂಡೇ ಬದುಕಿದರು. ಹಾಗಂತ ಇದು ಸುಲಭದ ದಾರಿ ಅಲ್ಲ. ಹಲವು ದೇಶಗಳಲ್ಲಿ ಹೀಗೆ ಕಾದ 880 ರೋಗಿಗಳ ಮಾಹಿತಿ 2018ರಲ್ಲಿ ಬಂತು. ಅದರಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬರಿಗೆ ಎರಡು ವರ್ಷದೊಳಗೆ ಗಡ್ಡೆ ಮತ್ತೆ ಬೆಳೆದಿತ್ತು.

ಯಾರಿಗೆ ಕರಗುತ್ತೆ, ಯಾರಿಗೆ ಇಲ್ಲ ಅಂತ ಮೊದಲೇ ಗೊತ್ತಾದ್ರೆ? ಎಂಆರ್‌ಐ ಚಿತ್ರದಲ್ಲೇ ಅದರ ಸುಳಿವು ಇರಬಹುದಾ? ಈ ಕ್ಷೇತ್ರಕ್ಕೆ ರೇಡಿಯೋಮಿಕ್ಸ್ ಅಂತ ಹೆಸರು. 2012ರಲ್ಲಿ ಈ ಹೆಸರನ್ನು ಮುಂದಿಟ್ಟ ತಂಡದ ಮುಖ್ಯಸ್ಥ ಫಿಲಿಪ್ ಲ್ಯಾಂಬಿನ್ ಇರೋದು ರಾಂಟ್ಜೆನ್ ಬೆಳೆದ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲೇ.

ಕೆಲಸ ನಡೆಯೋದು ಹೀಗೆ. ಮೊದಲು ರೇಡಿಯಾಲಜಿಸ್ಟ್ ಒಂದೊಂದು ಸ್ಲೈಸ್‌ನಲ್ಲೂ ಗಡ್ಡೆಯ ಸುತ್ತ ಗೆರೆ ಎಳೀತಾರೆ. ಗೆರೆಯೊಳಗಿನ ಪಿಕ್ಸೆಲ್‌ಗಳಿಂದ ಕಂಪ್ಯೂಟರ್ ನೂರಾರು ಸಂಖ್ಯೆ ತೆಗೆಯುತ್ತೆ. ಗಡ್ಡೆಯ ಗಾತ್ರ, ಆಕಾರ, ಸರಾಸರಿ ಬೂದು ಬಣ್ಣ. ಆಮೇಲೆ ಟೆಕ್ಸ್‌ಚರ್, ಅಂದ್ರೆ ನಯವಾಗಿದೆಯಾ ತರಿತರಿಯಾಗಿದೆಯಾ ಅನ್ನೋದು. ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳಲ್ಲಿ ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಷ್ಟು ಸಲ ಬಂದಿದೆ ಅಂತ ಎಣಿಸಿ ಒಂದು ಮ್ಯಾಟ್ರಿಕ್ಸ್ ಮಾಡೋದು. ಹರಾಲಿಕ್ ಎಂಬ ಇಂಜಿನಿಯರ್ 1973ರಲ್ಲಿ ಕೊಟ್ಟ ವಿಧಾನ ಇದು. ಇಮೇಜ್ ಪ್ರೊಸೆಸಿಂಗ್ ಓದೋರಿಗೆ ಗೊತ್ತೇ ಇರುತ್ತೆ. ಇನ್ನೊಂದು ಸುಳಿವು ನೀರಿನ ಓಡಾಟ. ಕ್ಯಾನ್ಸರ್ ಕೋಶಗಳು ಬಿಎಂಟಿಸಿ ಬಸ್ಸಿನ ಜನರ ಹಾಗೆ ಒತ್ತಿಕೊಂಡಿರೋದರಿಂದ ನಡುವೆ ನೀರಿನ ಕಣಗಳು ಸಲೀಸಾಗಿ ಓಡಾಡಲ್ಲ. ಚಿಕಿತ್ಸೆಯಿಂದ ಕೋಶಗಳು ಸತ್ತರೆ ಜಾಗ ಬಿಡುತ್ತೆ, ನೀರು ಓಡಾಡುತ್ತೆ. ಡಿಫ್ಯೂಷನ್ ಎಂಆರ್‌ಐ ಇದನ್ನು ಅಳೆಯುತ್ತೆ. ಈ ಸಂಖ್ಯೆಗಳನ್ನೂ, ಆ ರೋಗಿಗೆ ಕೊನೆಗೆ ಏನಾಯ್ತು ಅನ್ನೋದನ್ನೂ ಒಟ್ಟಿಗೆ ಕೊಟ್ಟು ಮಾಡೆಲ್ ತಯಾರಿಸೋದು.

ಕೇಳೋಕೆ ಸುಲಭ. ತೊಡಕು ಇರೋದು ಇಲ್ಲಿ. ಸಂಖ್ಯೆಗಳು ಸಾವಿರ, ರೋಗಿಗಳು ಎಷ್ಟೋ ಅಧ್ಯಯನಗಳಲ್ಲಿ ನೂರಿನ ಲೆಕ್ಕದಲ್ಲಿ. ಸಾವಿರ ಸಂಖ್ಯೆಗಳಲ್ಲಿ ಹುಡುಕಿದ್ರೆ ನೂರು ಜನಕ್ಕೆ ಹೊಂದುವ ಒಂದು ಸಂಬಂಧ ಸುಮ್ಮನೆ ಅದೃಷ್ಟದಿಂದಲೇ ಸಿಕ್ಕಿಬಿಡುತ್ತೆ. ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿದವನಿಗೆ ಅದೇ ಪತ್ರಿಕೆ ಕೊಟ್ಟರೆ ಫುಲ್ ಮಾರ್ಕ್ಸ್, ಹೊಸ ಪತ್ರಿಕೆ ಕೊಟ್ಟರೆ ಗೋವಿಂದ. ಇನ್ನೊಂದು, ಸ್ಕ್ಯಾನರ್ ಕಂಪನಿ ಬದಲಾದ್ರೆ, ಸ್ಲೈಸ್ ದಪ್ಪ ಬದಲಾದ್ರೆ ಟೆಕ್ಸ್‌ಚರ್ ಸಂಖ್ಯೆಗಳೂ ಬದಲಾಗ್ತವೆ. ಗೆರೆ ಎಳೆಯೋ ಡಾಕ್ಟರ್ ಬದಲಾದ್ರೂ ಬದಲಾಗ್ತವೆ. ರೇಡಿಯೇಷನ್ ಆದ ಜಾಗದಲ್ಲಿ ಉಳಿಯುವ ಗಾಯದ ಕಲೆಯೊಳಗೆ ಸಣ್ಣ ಗಡ್ಡೆ ಅಡಗಿದ್ರೆ ನುರಿತ ಕಣ್ಣಿಗೂ ಕಷ್ಟ.

ಮಾಡೆಲ್ ತಪ್ಪು ಹೇಳಿದ್ರೆ ಏನಾಗುತ್ತೆ ಯೋಚನೆ ಮಾಡಿ. ಕರಗಿದೆ ಅಂತ ಹೇಳಿ, ಕರಗದೇ ಇದ್ದರೆ ಕ್ಯಾನ್ಸರ್ ಬೆಳೀತಾ ಹೋಗುತ್ತೆ. ಕರಗಲ್ಲ ಅಂತ ಹೇಳಿ, ನಿಜಕ್ಕೂ ಕರಗಿದ್ದರೆ ಒಬ್ಬ ಮನುಷ್ಯ ಸುಮ್ಮನೆ ಒಂದು ಅಂಗ ಕಳ್ಕೊಂಡು ಹೊಟ್ಟೆಗೆ ಚೀಲ ಕಟ್ಟಿಕೊಂಡು ಓಡಾಡಬೇಕಾಗಬಹುದು. ಇದು ಸಿನಿಮಾ ರೆಕಮೆಂಡೇಷನ್ ಅಲ್ಲ, ತಪ್ಪಾದ್ರೆ ಸ್ಕಿಪ್ ಮಾಡೋಕೆ.

ಆ ಐವತ್ತು ದಿನ ನೆನಪಿಗೆ ಬರೋದು ಇಲ್ಲಿ. ರಾಂಟ್ಜೆನ್ ತಮ್ಮ ಕಣ್ಣನ್ನೇ ನಂಬದೆ ಪ್ಲೇಟ್ ಇಟ್ಟರು. ಒಂದೊಂದೇ ವಸ್ತು ಬದಲಿಸಿ ನೋಡಿದರು. ಬೇರೆ ವಿವರಣೆ ಇರಬಹುದಾ ಅಂತ ಅಯಸ್ಕಾಂತ, ಪ್ರಿಸಂ ಇಟ್ಟು ತಾವೇ ತಮ್ಮ ವಿರುದ್ಧ ವಾದ ಮಾಡಿದರು. ಎಲ್ಲ ಆದ ಮೇಲೆ ಯಾರು ಬೇಕಾದ್ರೂ ಮಾಡಿ ನೋಡಲಿ ಅಂತ ಬಿಚ್ಚಿಟ್ಟರು, ಪೇಟೆಂಟಿನ ಬೇಲಿ ಹಾಕಲಿಲ್ಲ. ಇವತ್ತು ಒಂದು ಆಸ್ಪತ್ರೆಯ ಚಿತ್ರಗಳಿಂದ ಮಾಡಿದ ಮಾಡೆಲನ್ನು ಇನ್ನೊಂದು ಆಸ್ಪತ್ರೆಯ, ಇನ್ನೊಂದು ಸ್ಕ್ಯಾನರಿನ ಚಿತ್ರಗಳ ಮೇಲೆ ಪರೀಕ್ಷೆ ಮಾಡಬೇಕು ಅನ್ನೋದು, ಕೋಡ್ ಮತ್ತು ವಿಧಾನ ಎಲ್ಲರಿಗೂ ಕೊಡಬೇಕು ಅನ್ನೋದು ಅದೇ ಶಿಸ್ತು.

ಮುಂದಿನ ಸೆಮ್‌ನಲ್ಲಿ ಮಿನಿ ಪ್ರಾಜೆಕ್ಟಿಗೆ ಮೆಡಿಕಲ್ ಇಮೇಜ್ ತಗೋಬೇಕು ಅಂದುಕೊಂಡಿರೋ ಗೆಳೆಯರು ಒಂದು ಕೆಲಸ ಮಾಡಿ. ಡೇಟಾವನ್ನು ಟ್ರೇನ್, ಟೆಸ್ಟ್ ಅಂತ ಭಾಗ ಮಾಡುವಾಗ ಸ್ಲೈಸ್ ಲೆಕ್ಕದಲ್ಲಿ ಮಾಡಬೇಡಿ, ರೋಗಿಯ ಲೆಕ್ಕದಲ್ಲಿ ಮಾಡಿ. ಒಬ್ಬರೇ ರೋಗಿಯ ಹತ್ತು ಸ್ಲೈಸ್ ಟ್ರೇನ್‌ನಲ್ಲಿ, ಐದು ಸ್ಲೈಸ್ ಟೆಸ್ಟ್‌ನಲ್ಲಿ ಬಂದ್ರೆ ಮಾಡೆಲ್ ಕಾಯಿಲೆಯನ್ನಲ್ಲ, ಆ ವ್ಯಕ್ತಿಯನ್ನೇ ಗುರುತು ಹಿಡಿದಿರುತ್ತೆ. ಹೀಗೆ ಮಾಡಿದ್ರೆ ಅಕ್ಯುರಸಿ 98 ಇದ್ದದ್ದು 70ಕ್ಕೆ ಇಳಿದರೂ ಇಳಿಯಬಹುದು. ಇಳಿದ ಆ ಸಂಖ್ಯೆಯನ್ನೇ ರಿಪೋರ್ಟಿನಲ್ಲಿ ಹಾಕಿ, ವೈವಾದಲ್ಲಿ ಯಾಕೆ ಇಳೀತು ಅಂತ ಹೇಳಿ. ಮುಂದೆ ಯಾವತ್ತೋ ನಮ್ಮಲ್ಲೊಬ್ಬರು ಬರೆದ ಕೋಡ್ ನೋಡಿ ಒಬ್ಬ ಡಾಕ್ಟರ್ ಆಪರೇಷನ್ ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ತಾರೆ. ಅಷ್ಟರೊಳಗೆ ಈ ಅಭ್ಯಾಸ ಕೈಗೆ ಬಂದಿರಬೇಕು.